ಓಟ ಎಲ್ಲ ಕಡೆ ಒಂದೇ, ಊರು ನೋಡಿ ಆರಿಸಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಹೈರಾಕ್ಸ್ ಎಂಬ ಫಿಟ್‌ನೆಸ್ ಓಟಕ್ಕಾಗಿ ವಿದೇಶಕ್ಕೆ ಹೋಗುವವರ ಬಗ್ಗೆ ಬಂದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಒಂದು ಕಡೆ ಬೆವರಿಳಿಸಿಕೊಂಡು ನಗುತ್ತಿರುವ ಜೋಡಿ, ಇನ್ನೊಂದು ಕಡೆ ಸಿಂಗಾಪುರದ ಮರೀನಾ ಬೇ. ಆದರೆ ಹೋಗುವುದು ಹೇಗೆ, ಯಾವುದನ್ನು ಮೊದಲು ಬುಕ್ ಮಾಡಬೇಕು, ಎಲ್ಲಿ ದುಡ್ಡು ಕಳೆದುಕೊಳ್ಳುತ್ತೀರಿ ಅಂತ ಒಂದು ಸಾಲೂ ಇರಲಿಲ್ಲ. ಆ ಬರಹ ಓದಿ ನಮ್ಮ ವಿಜಯನಗರದ ಜಿಮ್‌ನಲ್ಲೇ ಕೆಲವರು ಸಿಂಗಾಪುರಕ್ಕೆ ಹೊರಡೋಣ ಅಂತ ಕುಣಿಯುತ್ತಿದ್ದಾರೆ. ಹೊರಡಲಿ, ಸಂತೋಷ. ನಾನು ಮತ್ತು ನನ್ನ ನಾದಿನಿ ಕೂಡ ಹಾಗೆ ಹೊರಟವರೇ. ಅದಕ್ಕೇ ಪುರವಣಿ ಬಿಟ್ಟಿದ್ದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ನಿಮ್ಮ ಕತ್ತರಿ ಇದ್ದೇ ಇದೆ.

ಗೊತ್ತಿಲ್ಲದವರಿಗೆ ಮೊದಲು ಈ ಓಟ ಏನು ಅಂತ ಹೇಳಿಬಿಡುತ್ತೇನೆ. ಹೈರಾಕ್ಸ್ ಶುರುವಾಗಿದ್ದು 2017ರಲ್ಲಿ, ಜರ್ಮನಿಯಲ್ಲಿ. ಕ್ರಿಶ್ಚಿಯನ್ ಟೋಟ್ಸ್ಕೆ ಎಂಬ ಆಯೋಜಕರು ಮತ್ತು ಹಾಕಿಯಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊರಿಟ್ಜ್ ಫರ್ಸ್ಟೆ ಸೇರಿ ಕಟ್ಟಿದ್ದು. ಸಾಮಾನ್ಯವಾಗಿ ದೊಡ್ಡ ಎಕ್ಸಿಬಿಷನ್ ಹಾಲ್ ಒಳಗೇ ಎಲ್ಲ ನಡೆಯುತ್ತದೆ. ಒಂದು ಕಿಲೋಮೀಟರ್ ಓಡಬೇಕು, ಒಂದು ಕೆಲಸ ಮಾಡಬೇಕು. ಮತ್ತೆ ಒಂದು ಕಿಲೋಮೀಟರ್, ಮತ್ತೊಂದು ಕೆಲಸ. ಹೀಗೆ ಎಂಟು ಸಲ. ಸ್ಕೀ ಯಂತ್ರದ ಹಗ್ಗ ಎಳೆಯುತ್ತಾ 1000 ಮೀಟರ್, ಸ್ಲೆಡ್ ಅಂದರೆ ಭಾರ ಹೇರಿದ ಚಕ್ರವಿಲ್ಲದ ಬಂಡಿ ತಳ್ಳುವುದು 50 ಮೀಟರ್, ಸ್ಲೆಡ್ಡನ್ನು ಹಗ್ಗ ಕಟ್ಟಿ ಎಳೆಯುವುದು 50 ಮೀಟರ್, ಬರ್ಪಿ ಅಂದರೆ ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಹಾರುತ್ತಾ 80 ಮೀಟರ್, ರೋಯಿಂಗ್ ಯಂತ್ರದಲ್ಲಿ 1000 ಮೀಟರ್. ಆಮೇಲೆ ನೀರಿನ ಕೊಡ ಹೊತ್ತವರ ಹಾಗೆ ಎರಡೂ ಕೈಯಲ್ಲಿ ಭಾರ ಹಿಡಿದು 200 ಮೀಟರ್ ನಡಿಗೆ, ಹೆಗಲ ಮೇಲೆ ಮರಳಿನ ಚೀಲ ಇಟ್ಟುಕೊಂಡು 100 ಮೀಟರ್ ಲಂಜಸ್, ಅಂದರೆ ಹೆಜ್ಜೆ ಹೆಜ್ಜೆಗೂ ಮಂಡಿ ನೆಲಕ್ಕೆ ತಾಗಿಸುತ್ತಾ ಹೋಗುವುದು. ಕೊನೆಗೆ ಕೂತು ಎದ್ದು ಗೋಡೆಯ ಗುರಿಗೆ ನೂರು ಸಲ ಚೆಂಡು ಎಸೆಯುವುದು. ಮಾಮೂಲಿ ಜನ ಓಡುವ ಓಪನ್ ವಿಭಾಗದಲ್ಲಿ ಹೆಂಗಸರು ತಳ್ಳುವ ಸ್ಲೆಡ್ 102 ಕೆಜಿ, ಗಂಡಸರದ್ದು 152. ಬಹುಪಾಲು ಜನಕ್ಕೆ ಒಂದೂವರೆ ಗಂಟೆ ಆಸುಪಾಸು ಹಿಡಿಯುತ್ತದೆ. ಡಬಲ್ಸ್‌ನಲ್ಲಿ ಇಬ್ಬರೂ ಎಂಟೂ ಕಿಲೋಮೀಟರ್ ಜೊತೆಗೇ ಓಡಬೇಕು, ಕೆಲಸ ಮಾತ್ರ ಹಂಚಿಕೊಳ್ಳಬಹುದು. ನಾವು ನಲವತ್ತು ದಾಟಿದ ಇಬ್ಬರು ಹೆಂಗಸರಿಗೆ ಅದೇ ಸರಿಹೋಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಓಟದ ದೊಡ್ಡ ಗುಣ ಏನೆಂದರೆ ಅದು ಎಲ್ಲಿ ನಡೆದರೂ ಒಂದೇ. ಅದೇ ದೂರ, ಅದೇ ತೂಕ, ಅದೇ ಕ್ರಮ. ಹಾಂಕಾಂಗ್‌ನಲ್ಲಿ ಓಡಿದವರ ಟೈಮಿಂಗನ್ನು ಲಂಡನ್‌ನಲ್ಲಿ ಓಡಿದವರ ಪಕ್ಕದಲ್ಲಿಟ್ಟು ನೋಡಬಹುದು, ಅದಕ್ಕೇ ಜನಕ್ಕೆ ಇದರ ಹುಚ್ಚು. ಆದರೆ ಪ್ರವಾಸ ಮಾಡುವವರಿಗೆ ಇದರ ಅರ್ಥವೇ ಬೇರೆ. ಮ್ಯಾರಥಾನ್ ಓಡಲು ಹೋದರೆ ನೀವು ಆ ಊರಿನೊಳಗೇ ಓಡುತ್ತೀರಿ, ಸೇತುವೆ ದಾಟುತ್ತೀರಿ, ಬೀದಿಯಲ್ಲಿ ಜನ ನಿಂತು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಅದೇನೂ ಇಲ್ಲ. ಕಾರ್ಪೆಟ್ಟು, ಕಣ್ಣು ಕುಕ್ಕುವ ಲೈಟು, ಜೋರು ಹಾಡು, ಕಪ್ಪು ಹಳದಿ ಬೋರ್ಡು. ಹಾಲ್ ಒಳಗೆ ಹೋದ ಮೇಲೆ ಸಿಂಗಾಪುರ ಯಾವುದು, ಮುಂಬೈ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ "ಆ ಊರಿನ ಓಟ ಭಾರಿ ಚೆನ್ನಾಗಿರುತ್ತಂತೆ" ಅಂತ ಯಾರೋ ಹೇಳಿದ್ದಕ್ಕೆ ಹೊರಡಬೇಡಿ. ವೀಸಾ, ಗಡಿಯಾರ, ಊಟ, ಜೊತೆಗೆ ಬರುವವರು, ಇಷ್ಟನ್ನು ನೋಡಿ ಊರು ಆರಿಸಿ. ಪುರವಣಿಯ ಬರಹ ಪೂರ್ತಿ ಉಲ್ಟಾ ಹೇಳಿತ್ತು, ಮೊದಲು ಓಟ ಆರಿಸಿ ಉಳಿದದ್ದು ತಾನಾಗೇ ಆಗುತ್ತದೆ ಅನ್ನುವ ಹಾಗೆ. ತಾನಾಗೇ ಏನೂ ಆಗುವುದಿಲ್ಲ.

ಜೀವನದ ಮೊದಲನೇ ಓಟಕ್ಕೇ ವಿದೇಶಕ್ಕೆ ಹೋಗುವುದನ್ನಂತೂ ನಾನು ಒಪ್ಪುವುದಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈಗೆ ಹೈರಾಕ್ಸ್ ಬಂತು, ಜುಲೈನಲ್ಲಿ ದೆಹಲಿಯಲ್ಲೂ ನಡೆಯಿತು. ಇಲ್ಲೇ ಒಮ್ಮೆ ಓಡಿ. ಸ್ಲೆಡ್ ತಳ್ಳಿದ ಮೇಲೆ ನಿಮ್ಮ ಕಾಲು ಏನು ಹೇಳುತ್ತದೆ ಅಂತ ತಿಳಿಯಲು ಪಾಸ್‌ಪೋರ್ಟ್ ಬೇಕಾಗಿಲ್ಲ, ಅಲ್ವಾ? ಇಷ್ಟವಾದರೆ ಆಮೇಲೆ ಹೊರಗಿನ ಮಾತು.

ವೀಸಾ ವಿಷಯದಲ್ಲಿ ಒಂದು ತೊಡಕು ಇದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಿ. ಓಟದ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮಾರಾಟಕ್ಕೆ ಬರುತ್ತದೆ, ಬೇಡಿಕೆ ಇರುವ ಊರುಗಳಲ್ಲಿ ಬೇಗ ಖಾಲಿಯೂ ಆಗುತ್ತದೆ. ಆದರೆ ವೀಸಾಕ್ಕೆ ಅಷ್ಟು ಮೊದಲು ಅರ್ಜಿ ಹಾಕಲು ಬಿಡುವುದಿಲ್ಲ. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಪ್ರಯಾಣಕ್ಕೆ 3 ತಿಂಗಳು ಇರುವಾಗಲಷ್ಟೇ ಅರ್ಜಿ ಹಾಕಬಹುದು. ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಆದರೆ 6 ತಿಂಗಳು ಮೊದಲಿಂದ ಹಾಕಬಹುದು, ಕೊನೆಯೆಂದರೆ 15 ದಿನ ಮೊದಲು. ಉತ್ತರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45 ದಿನದವರೆಗೂ ಎಳೆಯಬಹುದು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದು ಬೇರೆ. ಸಿಂಗಾಪುರಕ್ಕೂ ಭಾರತೀಯರಿಗೆ ವೀಸಾ ಬೇಕು. ಅಲ್ಲಿಯವರು ಒಪ್ಪಿದ ಏಜೆಂಟರ ಮೂಲಕ ಆನ್‌ಲೈನ್‌ನಲ್ಲೇ ಆಗುತ್ತದೆ, ಹೊರಡುವ ದಿನಕ್ಕೆ ಒಂದು ತಿಂಗಳ ಒಳಗೆ ಹಾಕಿದರೆ ಸಾಕು. ಅಂದರೆ ಯಾವ ದೇಶವಾದರೂ ಓಟದ ದುಡ್ಡು ಮೊದಲು ಹೋಗುತ್ತದೆ, ಬರಬಹುದೋ ಬೇಡವೋ ಅಂತ ಆ ದೇಶ ಹೇಳುವುದು ಆಮೇಲೆ. ಮಾಮೂಲಿ ಓಟದ ಟಿಕೆಟ್‌ಗೆ ಹಣ ವಾಪಸ್ ಇಲ್ಲ ಅಂತ ತಿಳಿದುಕೊಂಡೇ ಕೊಳ್ಳಬೇಕು.

ಹಾಗಾಗಿ ನಮ್ಮ ಲೆಕ್ಕ ಹೀಗೆ. ಮೊದಲು ಓಟದ ಟಿಕೆಟ್, ಅದು ಹೋದರೂ ಹೋಗಲಿ ಅಂತ ಗಟ್ಟಿ ಮಾಡಿಕೊಂಡು. ಅದರ ಬೆನ್ನಿಗೇ ಕ್ಯಾನ್ಸಲ್ ಮಾಡಬಹುದಾದ ಹೋಟೆಲ್, ಯಾಕೆಂದರೆ ಓಟದ ವಾರಾಂತ್ಯದಲ್ಲಿ ಹಾಲ್ ಸುತ್ತಮುತ್ತ ರೂಮ್ ದರ ಏರುತ್ತದೆ. ಆಮೇಲೆ ವೀಸಾ. ವಿಮಾನದ ಟಿಕೆಟ್ ವೀಸಾ ಕೈಗೆ ಬಂದ ಮೇಲೆ. ವಿಮಾನದಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕಾಗಬಹುದು, ಕೊಡಿ. ಆಫರ್ ಇದೆ ಅಂತ ವಿಮಾನವನ್ನೇ ಮೊದಲು ಬುಕ್ ಮಾಡಿ ವೀಸಾ ಬಾರದೆ ಕೂತವರನ್ನು ನಾನು ನೋಡಿದ್ದೇನೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರುತ್ತದಾ ಅಂತ ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಸಿಂಗಾಪುರಕ್ಕೆ ಹೋಗುವವರು ಅರೈವಲ್ ಕಾರ್ಡ್ ಅನ್ನು ಇಳಿಯುವುದಕ್ಕೆ ಮೊದಲಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳುವ ವೆಬ್‌ಸೈಟ್‌ಗಳಿವೆ, ಹುಷಾರು.

ಇನ್ನು ಗಡಿಯಾರ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನಗೆ ಆಶ್ಚರ್ಯ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಿಮಗೆ ಬೆಳಿಗ್ಗೆ ಎಂಟಕ್ಕೆ ಓಟ ಅಂತ ಬಂದರೆ ನಿಮ್ಮ ದೇಹಕ್ಕೆ ಅದು ಬೆಳಗಿನ ಐದೂವರೆ. ಏನಾದರೂ ತಿಂದು ಹೊರಡಲು ಐದಕ್ಕೆ ಎದ್ದರೆ ಬೆಂಗಳೂರಿನ ಲೆಕ್ಕದಲ್ಲಿ ರಾತ್ರಿ ಎರಡೂವರೆಗೆ ಎದ್ದ ಹಾಗೆ. ಲಂಡನ್ನಿನಲ್ಲಿ ಇದು ತಿರುಗುಮುರುಗು. ಅಲ್ಲಿ ಚಳಿಗಾಲದ ಬೆಳಿಗ್ಗೆ ಎಂಟು ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ, ಅಲಾರಂ ಇಲ್ಲದೆಯೇ ನಾಲ್ಕಕ್ಕೆ ಎಚ್ಚರ ಆಗಿ ಮಲಗಿರಲಾಗದೆ ಕೂತಿರುತ್ತೀರಿ. ಆದರೆ ಸಂಜೆಯ ಸ್ಲಾಟ್ ಬಂದರೆ ಅಲ್ಲಿ ಕಣ್ಣು ಎಳೆಯುತ್ತದೆ. ಸ್ಲಾಟ್ ನಿಮ್ಮ ಕೈಯಲ್ಲಿಲ್ಲ ಅನ್ನುವುದನ್ನೂ ನೆನಪಿಡಿ. ಟಿಕೆಟ್ ಕೊಳ್ಳುವಾಗ ದಿನ ಗೊತ್ತಿರುತ್ತದೆ, ಹೊರಡುವ ಗಂಟೆ ಓಟ ಹತ್ತಿರ ಬಂದಾಗಲಷ್ಟೇ ಇಮೇಲ್‌ನಲ್ಲಿ ಬರುತ್ತದೆ. ಆದ್ದರಿಂದ ಓಟದ ದಿನ ರಾತ್ರಿಗೇ ವಾಪಸ್ ವಿಮಾನ ಅಂತ ಇಟ್ಟುಕೊಳ್ಳಬೇಡಿ. ಬೆಳಗಿನ ಸ್ಲಾಟ್ ಬಂದರೆ ಬಚಾವ್, ಸಂಜೆ ಬಂದರೆ ಸ್ನಾನ ಇಲ್ಲದೆ ವಿಮಾನ ಹತ್ತಬೇಕು. ಪಕ್ಕದ ಸೀಟಿನವರ ಗತಿ ನೆನೆಸಿಕೊಳ್ಳಿ.

ನಾವು ಸಿಂಗಾಪುರ ಆರಿಸಿದ್ದು ಸುಮ್ನೆ ಅಲ್ಲ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ ಆಸುಪಾಸು. ಎರಡನೇ ಕಾರಣ ಊಟ. ಮೂರನೇ ಕಾರಣ ನಮ್ಮ ಅತ್ತೆ, ಅವರ ವಿಷಯ ಆಮೇಲೆ ಹೇಳುತ್ತೇನೆ. ಹೋಟೆಲ್ ಬುಕ್ ಮಾಡುವ ಮೊದಲು ಹಾಲ್ ಯಾವುದು ಅಂತ ನೋಡಲೇಬೇಕು, ಬರೀ ಊರಿನ ಹೆಸರು ನೋಡಿದರೆ ಸಾಲದು. ಸಿಂಗಾಪುರದಲ್ಲಿ ಈ ಓಟ ಕಲ್ಲಾಂಗ್‌ನ ನ್ಯಾಷನಲ್ ಸ್ಟೇಡಿಯಂನಲ್ಲೂ ನಡೆದಿದೆ, ಚಾಂಗಿ ವಿಮಾನ ನಿಲ್ದಾಣದ ಕಡೆಯ ಎಕ್ಸ್‌ಪೋ ಹಾಲ್‌ನಲ್ಲೂ ನಡೆದಿದೆ. ಎಕ್ಸ್‌ಪೋ ವಿಮಾನ ನಿಲ್ದಾಣದಿಂದ ಎಂಆರ್‌ಟಿಯಲ್ಲಿ, ಅಂದರೆ ಅಲ್ಲಿಯ ಮೆಟ್ರೋ ರೈಲಿನಲ್ಲಿ, ಒಂದೇ ಸ್ಟಾಪು. ಸ್ಟೇಡಿಯಂ ಊರಿನ ನಡುವಿಗೆ ಹತ್ತಿರ. ಲಂಡನ್ನಿನದ್ದೂ ಇದೇ ಕಥೆ, ಎಕ್ಸೆಲ್ ಹಾಲ್ ಪೂರ್ವದ ತುದಿಯಲ್ಲಿ, ಒಲಿಂಪಿಯಾ ಹಾಲ್ ಪಶ್ಚಿಮದಲ್ಲಿ. ಒಂದರ ಪಕ್ಕ ರೂಮ್ ಹಿಡಿದು ಇನ್ನೊಂದಕ್ಕೆ ಓಡಾಡಿದರೆ ಓಟಕ್ಕೂ ಮೊದಲೇ ಸುಸ್ತು.

ನನ್ನನ್ನು ಕೇಳಿದರೆ ಸಿಂಗಾಪುರದಲ್ಲಿ ಹಾಲ್ ಯಾವುದೇ ಇರಲಿ, ನಮ್ಮ ಜನ ಭಾರತೀಯರ ಬಡಾವಣೆಯಾದ ಲಿಟಲ್ ಇಂಡಿಯಾದಲ್ಲಿ ಉಳಿಯುವುದೇ ವಾಸಿ. ಅಲ್ಲಿಂದ ಮೆಟ್ರೋದ ಡೌನ್‌ಟೌನ್ ಲೈನ್ ಹತ್ತಿದರೆ ರೈಲು ಬದಲಿಸದೆ ನೇರ ಎಕ್ಸ್‌ಪೋ ನಿಲ್ದಾಣ. ಸ್ಟೇಡಿಯಂ ಆದರೆ ಅದೇ ಲೈನಲ್ಲಿ ಪ್ರಾಮೆನಾಡ್‌ವರೆಗೆ ಹೋಗಿ ಸರ್ಕಲ್ ಲೈನ್ ಹಿಡಿದರೆ ಎರಡನೇ ಸ್ಟಾಪು. ಫೈವ್ ಸ್ಟಾರ್ ಹೋಟೆಲ್ಲಿನ ಬಫೆಯಲ್ಲಿ ಏನು ತಿನ್ನಬೇಕು ಅಂತ ಹುಡುಕುವುದಕ್ಕಿಂತ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಬಿಸಿ ಇಡ್ಲಿ, ಅನ್ನ ಸಾರು ಸಿಗುವುದು ದೊಡ್ಡ ವಿಷಯ. ಕೋಮಲ ವಿಲಾಸ್ ಎಂಬ ಊಟದ ಹೋಟೆಲ್ ಅಲ್ಲಿ 1947ರಿಂದ ಇದೆ. ಓಟದ ಹಿಂದಿನ ದಿನ ಹೊಸ ತಿಂಡಿ ಪ್ರಯೋಗ ಮಾಡಬೇಡಿ ಅಂತ ಎಲ್ಲ ಕೋಚ್‌ಗಳೂ ಹೇಳುತ್ತಾರೆ, ನಮಗೆ ಹಳೆಯ ತಿಂಡಿ ಅಂದರೆ ಇದೇ ತಾನೆ. ಆದರೂ ನಾದಿನಿ ಅವಲಕ್ಕಿ, ಚಟ್ನಿಪುಡಿ ಬ್ಯಾಗಿಗೆ ಹಾಕಿಕೊಂಡೇ ಬಂದಳು, ಬೆಳಗಿನ ಜಾವ ಹೋಟೆಲ್ ಬಾಗಿಲು ತೆರೆದಿರದಿದ್ದರೆ ಅಂತ. ಬುದ್ಧಿವಂತೆ. ಅಲ್ಲಿ ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಕಾಗಿಲ್ಲ.

ಬಿಸಿಲಿನ ವಿಷಯ. ಓಟ ಒಳಗೆ ನಡೆಯುವುದಾದರೂ ಊರು ಇರುವುದು ಹೊರಗೆ. ಸಿಂಗಾಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ. ವರ್ಷವಿಡೀ ಮಧ್ಯಾಹ್ನ 31, 32 ಡಿಗ್ರಿ, ಜೊತೆಗೆ ಮಂಗಳೂರಿನ ಮೇ ತಿಂಗಳ ಸೆಕೆ. ಓಟದ ಮುಂಚಿನ ದಿನ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಹಗಲೆಲ್ಲ ಕ್ಯೂ ನಿಂತರೆ ಮಾರನೆಯ ದಿನ ಸ್ಲೆಡ್ ಅಲುಗುವುದಿಲ್ಲ. ರಾತ್ರಿ ವಿಮಾನದಲ್ಲಿ ಬಂದವರಿಗೆ ಮೊದಲ ದಿನ ನಿದ್ದೆಯೂ ಆಗಿರುವುದಿಲ್ಲ. ಎರಡು ದಿನ ಮೊದಲೇ ಹೋಗಿ. ಮೊದಲ ದಿನ ನಿದ್ದೆ, ಸಂಜೆ ಒಂದು ಸಣ್ಣ ನಡಿಗೆ. ಎರಡನೇ ದಿನ ಹಾಲ್‌ಗೆ ಹೋಗುವ ದಾರಿ ನೋಡಿಕೊಂಡು ಬನ್ನಿ, ಅಷ್ಟು ಸಾಕು. ನೋಡುವುದೆಲ್ಲ ಓಟ ಆದ ಮೇಲೆ.

ಓಟ ಆದ ಮೇಲೆ ಅಂದೆನಲ್ಲ, ಅಲ್ಲೂ ಒಂದು ಉಪಾಯ ಬೇಕು. ಮರಳಿನ ಚೀಲ ಹೊತ್ತು 100 ಮೀಟರ್ ಲಂಜಸ್ ಮಾಡಿದ ತೊಡೆ ಅವತ್ತು ಸುಮ್ಮನಿರುತ್ತದೆ. ಮಾರನೆಯ ದಿನ ಶುರು, ಎರಡನೇ ದಿನ ಇನ್ನೂ ಜೋರು. ಭಾರ ತಡೆದುಕೊಂಡು ಕೆಳಗೆ ಇಳಿಯುವಾಗ ಸ್ನಾಯುವಿಗೆ ಆಗುವ ಸಣ್ಣ ಪೆಟ್ಟು ಅದು. ಅದಕ್ಕೇ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇದು ಗೊತ್ತಿದ್ದೂ ಒಬ್ಬ ಟ್ರಾವೆಲ್ ಏಜೆಂಟ್ ನಮಗೆ ಕೊಟ್ಟ ಪ್ಲಾನ್ ನೋಡಿ. ಓಟದ ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕ್ವಾಲಾಲಂಪುರ, ಅಂದರೆ ಐದಾರು ಗಂಟೆ ಕಾಲು ಮಡಚಿ ಕೂರುವುದು, ಅಲ್ಲಿಂದ ನೇರ ಬಾಟು ಕೇವ್ಸ್. ಮುರುಗನ ದರ್ಶನಕ್ಕೆ 272 ಮೆಟ್ಟಿಲು. ಹತ್ತಬೇಕು, ಆಮೇಲೆ ಇಳಿಯಬೇಕು! "ಮೇಡಂ, ನೀವು ಫಿಟ್ ಇದೀರಲ್ಲ" ಅಂದರು ಆ ಪುಣ್ಯಾತ್ಮ. ನಾವು ಆ ಪ್ಲಾನ್ ಬಿಟ್ಟೆವು. ಓಟ ಆದ ಮೇಲಿನ ದಿನಗಳಿಗೆ ಸಮತಟ್ಟಾದ ಜಾಗ ಇಟ್ಟುಕೊಳ್ಳಿ. ಬೊಟಾನಿಕ್ ಗಾರ್ಡನ್ಸ್ ಇದೆ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಒಳಗೆ ಹೋಗಲು ದುಡ್ಡಿಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ನದಿಯಲ್ಲಿ ದೋಣಿ ಇದೆ. ಗಾರ್ಡನ್ಸ್ ಬೈ ದ ಬೇಯ ಗಾಜಿನ ಮನೆಗಳಲ್ಲಿ ತಣ್ಣಗೆ ನಡೆಯಬಹುದು. ಕುಂಟುತ್ತಾ ನೋಡಿದರೂ ಹೂವು ಹೂವೇ.

ಈಗ ಅತ್ತೆಯ ವಿಷಯ. ಇಂಥ ಪ್ರವಾಸದಲ್ಲಿ ಓಡುವವರಿಗಿಂತ ಜೊತೆಗೆ ಬರುವವರ ಬಗ್ಗೆ ಜಾಸ್ತಿ ಯೋಚಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಮಗಳು, ಸೊಸೆ ಇಬ್ಬರೂ ಸೇರಿ ವಿದೇಶದಲ್ಲಿ ಕಬ್ಬಿಣ ತಳ್ಳುವುದನ್ನು ನೋಡಲೇಬೇಕು ಅಂತ ಹೊರಟರು. ಹಾಲ್ ಒಳಗೆ ನೋಡುವವರಿಗೆ ಬೇರೆ ಟಿಕೆಟ್ ಇದೆ, ಅದನ್ನು ಮೊದಲೇ ಕೊಳ್ಳಬೇಕು. ಒಳಗೆ ಹಾಡಿನ ಸದ್ದು ಭಾರಿ, ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಕೂರುವ ಜಾಗ ಎಲ್ಲ ಹಾಲ್‌ನಲ್ಲೂ ಚೆನ್ನಾಗಿರುವುದಿಲ್ಲ, ಸ್ಟೇಡಿಯಂ ಆದರೆ ಆ ತಾಪತ್ರಯ ಇಲ್ಲ. ನೀವು ಓಡುವುದು ಒಂದೂವರೆ ಗಂಟೆ, ಆದರೆ ರಿಜಿಸ್ಟ್ರೇಷನ್, ವಾರ್ಮಪ್, ಬ್ಯಾಗ್ ವಾಪಸ್ ತೆಗೆದುಕೊಳ್ಳುವುದು ಎಲ್ಲ ಸೇರಿ ಅರ್ಧ ದಿನ ಹೋಗುತ್ತದೆ. ವಯಸ್ಸಾದವರಾಗಲಿ ಮಕ್ಕಳಾಗಲಿ ಆ ಅರ್ಧ ದಿನ ಎಲ್ಲಿರುತ್ತಾರೆ, ಏನು ತಿನ್ನುತ್ತಾರೆ, ಟಾಯ್ಲೆಟ್ ಎಲ್ಲಿ, ಯಾವ ಕಂಬದ ಹತ್ತಿರ ಸಿಗಬೇಕು, ಇದನ್ನೆಲ್ಲ ಹೋಟೆಲ್‌ನಲ್ಲೇ ಮಾತಾಡಿಕೊಳ್ಳಿ. ಅವರ ಕೈಲಿರುವ ಫೋನಿನಲ್ಲಿ ಅಲ್ಲಿಯ ಸಿಮ್ ಇರಲಿ, ಯಾಕೆಂದರೆ ಓಡುವಾಗ ನಿಮ್ಮ ಫೋನ್ ನಿಮ್ಮ ಹತ್ತಿರ ಇರುವುದಿಲ್ಲ. ಅತ್ತೆಗೆ ಇಷ್ಟವಾಗಿದ್ದು ಸ್ಲೆಡ್ ಅಲ್ಲ, ಅವರಿಗಿಂತ ಸ್ವಲ್ಪವೇ ಚಿಕ್ಕವರಾದ ಚೀನೀ ಅಜ್ಜಿಯೊಬ್ಬರು ಚೆಂಡು ಎಸೆಯುತ್ತಿದ್ದುದು. ಪಕ್ಕದಲ್ಲಿ ನಿಂತು ಕನ್ನಡದಲ್ಲೇ ಎಣಿಸಿದರಂತೆ.

ಓಡುವವರಿಗೆ ಇನ್ನೊಂದೆರಡು ಮಾತು. ಒಂದು ಕಿಲೋಮೀಟರ್‌ಗೆ ಎಷ್ಟು ಸುತ್ತು ಅನ್ನುವುದು ಹಾಲ್‌ನ ಅಳತೆ ಮೇಲೆ ಹೋಗುತ್ತದೆ, ಒಂದು ಊರಿನಲ್ಲಿ ಎರಡಾದರೆ ಇನ್ನೊಂದು ಊರಿನಲ್ಲಿ ಮೂರು. ಎಣಿಸುವುದು ನಿಮ್ಮ ಜವಾಬ್ದಾರಿ, ಸುತ್ತು ತಪ್ಪಿದರೆ ಸಮಯಕ್ಕೆ ದಂಡ ಬೀಳುತ್ತದೆ. ಸ್ಲೆಡ್ ಕಾರ್ಪೆಟ್ ಮೇಲೆ ಜಾರಬೇಕು, ತೂಕ ಒಂದೇ ಆದರೂ ಕಾರ್ಪೆಟ್ ಒಂದೇ ಥರ ಇರುವುದಿಲ್ಲ, ನಿಮ್ಮ ಜಿಮ್‌ನಲ್ಲಿ ಸಲೀಸಾಗಿ ಹೋದದ್ದು ಅಲ್ಲಿ ಹಟ ಹಿಡಿಯಬಹುದು. ಅದಕ್ಕೇ ಅಡಿ ಹಿಡಿತ ಚೆನ್ನಾಗಿರುವ, ಹಳೆಯ ಶೂ ಬೇಕು. ಆ ಶೂ, ಓಟದ ಬಟ್ಟೆ, ಟಿಕೆಟ್, ಗುರುತಿನ ಚೀಟಿ ನಾಲ್ಕೂ ಕ್ಯಾಬಿನ್ ಬ್ಯಾಗಿನಲ್ಲೇ ಇರಲಿ. ಸೂಟ್‌ಕೇಸ್ ತಡವಾಗಿ ಬಂದರೆ ಸೀರೆ ಅಲ್ಲೂ ಸಿಗುತ್ತದೆ, ಕಾಲಿಗೆ ಒಗ್ಗಿದ ಶೂ ಸಿಗುವುದಿಲ್ಲ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಪಾಲಿಸಿ ಓದಿ. ಸ್ಪರ್ಧೆಯಲ್ಲಿ ಆದ ಗಾಯಕ್ಕೆ ಕೊಡುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವ ಪಾಲಿಸಿಗಳಿವೆ. ಷೆಂಗೆನ್ ವೀಸಾಕ್ಕೆ 30,000 ಯೂರೋ ಮೊತ್ತದ ಇನ್ಶೂರೆನ್ಸ್ ಕಡ್ಡಾಯ ಅಂತ ಎಲ್ಲರೂ ಮಾಡಿಸುತ್ತಾರೆ, ಆದರೆ ಅದು ಈ ಓಟಕ್ಕೆ ಬರುತ್ತದಾ ಅಂತ ಕೇಳುವವರು ಕಡಿಮೆ. ಕಂಪನಿಗೆ ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಇಟ್ಟುಕೊಳ್ಳಿ.

ಕೊನೆಯದಾಗಿ, ನಿಮ್ಮ ಪತ್ರಿಕೆಯೇ ನೋಡಬೇಕಾದ ಒಂದು ವಿಷಯ. ಈಗೀಗ "ರೇಸ್ ಪ್ಯಾಕೇಜ್" ಅಂತ ಜಾಹೀರಾತು ಬರುತ್ತಿವೆ. ವಿಮಾನ, ಹೋಟೆಲ್, ಊರು ಸುತ್ತಾಟ, ಮೇಲೊಂದು ಟೀಶರ್ಟ್. ನಮಗೆ ಬಂದ ಅಂಥ ಒಂದು ಪ್ಯಾಕೇಜಿನಲ್ಲಿ ಓಟದ ಎಂಟ್ರಿಯೇ ಇರಲಿಲ್ಲ! ಕೇಳಿದರೆ "ಅದು ನೀವೇ ಮಾಡಿಕೊಳ್ಳಬೇಕು" ಅಂದರು. ಓಟದ ಟಿಕೆಟ್ ಖಾಲಿಯಾಗಿ ಎಷ್ಟೋ ದಿನ ಆಗಿತ್ತು. ಆ ಟೀಶರ್ಟ್ ಹಾಕಿಕೊಂಡು ಹಾಲ್ ಹೊರಗೆ ನಿಲ್ಲಬೇಕಿತ್ತೋ ಏನೋ. ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ ಅಂತ ದಯವಿಟ್ಟು ಪುರವಣಿಯಲ್ಲೇ ಒಂದು ಸಣ್ಣ ಚೌಕದಲ್ಲಿ ಹಾಕಿ: ಒಂದು, ಓಟದ ಎಂಟ್ರಿ ನನ್ನ ಹೆಸರಿನಲ್ಲಿ ಆಗಿದೆಯಾ, ಆಗಿದ್ದರೆ ಅದರ ಇಮೇಲ್ ತೋರಿಸಿ; ಎರಡು, ವೀಸಾ ಸಿಗದಿದ್ದರೆ ಯಾವ ದುಡ್ಡು ವಾಪಸ್, ಯಾವುದು ಇಲ್ಲ; ಮೂರು, ಹೋಟೆಲ್‌ನಿಂದ ಹಾಲ್‌ಗೆ ಬೆಳಿಗ್ಗೆ ಮೊದಲ ರೈಲು ಎಷ್ಟು ಗಂಟೆಗೆ. ಮೂರನೆಯದಕ್ಕೆ ಏಜೆಂಟ್ ತಡವರಿಸಿದರೆ ಅವರು ಆ ಹಾಲ್ ಯಾವುದು ಅಂತ ನೋಡಿಯೇ ಇಲ್ಲ ಅಂತ ತಿಳಿಯಿರಿ. ನಮ್ಮ ಜಿಮ್‌ನವರಿಗೆ ಈ ಮೂರನ್ನೂ ಬರೆದು ಕೊಟ್ಟಿದ್ದೇನೆ, ಇಬ್ಬರು ಆಗಲೇ ಮುಂಬೈ ಟಿಕೆಟ್ ಯಾವಾಗ ಬಿಡುತ್ತಾರೆ ಅಂತ ಹುಡುಕುತ್ತಿದ್ದಾರೆ.

ಇಂತಿ,
ನಿಮ್ಮ ಹಳೆಯ ಓದುಗಿ
ವಿಜಯನಗರ, ಬೆಂಗಳೂರು